ರಾಕ್‌ವೂಲ್‌ನಲ್ಲಿ ನೆಟ್ಟ ಟೊಮೆಟೊ ಕುಡಿ ಬೇರು ಬಿಡದೆ ಕೊಳೆಯುತ್ತಿದೆ, ಯಾಕೆ?

ಹೆಚ್ಚಾಗಿ ನೀರು ಜಾಸ್ತಿಯಾಗಿರುತ್ತದೆ. ರಾಕ್‌ವೂಲ್ ಅಂದರೆ ಕಲ್ಲು ಕರಗಿಸಿ ಮಾಡಿದ ಎಳೆಗಳು; ಮಣ್ಣಿನ ಬದಲು ಇದರ ಚೌಕ ತುಂಡಿನಲ್ಲಿ (ಕ್ಯೂಬ್) ಗಿಡ ನೆಡುತ್ತಾರೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತುಂಬಾ ನೀರು ಹಿಡಿದಿರುತ್ತದೆ. ಬೇರಿಗೆ ಗಾಳಿಯೂ ಬೇಕಲ್ವಾ? ಕ್ಯೂಬನ್ನು ಎತ್ತಿ ನೋಡಿ, ಹಗುರ ಅನ್ನಿಸಿದಾಗ ಮಾತ್ರ ನೀರು ಕೊಡಿ. ನೀರು ಜಾಸ್ತಿಯಾಯಿತೆಂದು ಹಿಂಡಲೇಬೇಡಿ, ಒಳಗಿನ ಗಾಳಿಯ ಜಾಗವೇ ಹೋಗುತ್ತದೆ.

ಹೊಸ ಕ್ಯೂಬಿಗೆ ಕ್ಷಾರದ ಗುಣ ಇರುತ್ತದೆ. ನೆಡುವ ಮೊದಲು ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರ, ಅಂದರೆ ಸ್ವಲ್ಪ ಹುಳಿ ಗುಣದ ನೀರಿನಲ್ಲಿ ನೆನೆಸಿಡಿ. ಕುಡಿ 10–15 ಸೆಂ.ಮೀ. ಇರಲಿ, ಚೂಪಾದ ಬ್ಲೇಡಿನಿಂದ ಕೊಯ್ದು, ಕೆಳಗಿನ ಎಲೆ ತೆಗೆದು ನೆಡಿ. ಮೇಲೆ ಪಾರದರ್ಶಕ ಡಬ್ಬಿ ಕವುಚಿ, ದಿನಕ್ಕೊಮ್ಮೆ ತೆರೆಯಿರಿ. ಮೊದಲ ವಾರ ನೇರ ಬಿಸಿಲು ಬೇಡ.

ಟೊಮೆಟೊ ಸುಲಭವಾಗಿ ಬೇರು ಬಿಡುವ ಗಿಡ, ಧೈರ್ಯವಾಗಿರಿ. 7ರಿಂದ 14 ದಿನದಲ್ಲಿ ಕ್ಯೂಬಿನ ತಳದಲ್ಲಿ ಬಿಳಿ ಬೇರು ಇಣುಕುತ್ತದೆ. ಆಮೇಲೆ ತೆಳುವಾದ ಗೊಬ್ಬರದ ನೀರು ಶುರು ಮಾಡಿ.