ಆಲೂಗಡ್ಡೆ ಬೇಯುವಷ್ಟು ಹೊತ್ತು

ಓದುಗರ ಪತ್ರ: ನಿಮ್ಮ ಪತ್ರಿಕೆಯ ಮಾತು ನಂಬಿ ‘ದಿ ಟ್ಯೂರಿನ್ ಹಾರ್ಸ್’ ಸಿನಿಮಾ ನೋಡಿದೆ. ಅಪ್ಪ, ಮಗಳು ಬೇಯಿಸಿದ ಆಲೂಗಡ್ಡೆ ತಿಂತಾರೆ, ಹೊರಗೆ ಗಾಳಿ ಬೀಸತ್ತೆ, ಅಷ್ಟೇ. ಅರ್ಧಕ್ಕೇ ಎದ್ದು ಮಲಗಿದೆ. ಮಾರನೇ ದಿನ ಉಳಿದದ್ದನ್ನು ಡಬಲ್ ಸ್ಪೀಡಲ್ಲಿ ಓಡಿಸಿ, ಯೂಟ್ಯೂಬಲ್ಲಿ ಅರ್ಥ ಹುಡುಕಿದೆ. ನಮ್ಮ ಮನೆಯವರು ಮಾತ್ರ ಆ ರಾತ್ರಿ ಕೊನೇವರೆಗೂ ಕೂತಿದ್ದರು. ಬದುಕಲ್ಲಿರುವ ಕತ್ತಲೆ ಸಾಲದು ಅಂತ ಇದನ್ನೂ ನೋಡಬೇಕಾ?
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಿಧಾನ ಇದ್ದ ಮಾತ್ರಕ್ಕೆ ಸಿನಿಮಾ ದೊಡ್ಡದಾಗುವುದಿಲ್ಲ. ಪಾತ್ರಗಳನ್ನು ಸುಮ್ನೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ ಫೆಸ್ಟಿವಲ್‌ಗೆ ಕಳಿಸುವವರೂ ಇದ್ದಾರೆ. ಅಂಥವುಗಳ ಮುಂದೆ ನಾನೂ ಚೆನ್ನಾಗಿ ನಿದ್ದೆ ಮಾಡಿದ್ದೇನೆ.

ಆದರೆ ಡಬಲ್ ಸ್ಪೀಡ್ ಯಾಕೆ ಮಾರಾಯ್ರೇ? 2011ರ ಆ ಚಿತ್ರದಲ್ಲಿ ಇರುವುದೇ ಸುಮಾರು 30 ಶಾಟ್. ನಮ್ಮ ಒಂದು ಹಾಡಿನಲ್ಲಿ ಅದಕ್ಕಿಂತ ಜಾಸ್ತಿ ಕಟ್ ಇರುತ್ತೆ. ಹಂಗೇರಿಯ ನಿರ್ದೇಶಕ ಬೇಲಾ ತಾರ್ ಇದೇ ನನ್ನ ಕೊನೆಯ ಚಿತ್ರ ಅಂತ ಹೇಳಿ ಮಾಡಿದ್ದು. ಅಷ್ಟು ಎಣಿಸಿ ಇಟ್ಟದ್ದನ್ನು ನೀವು ಓಡಿಸಿಬಿಟ್ಟಿರಿ. ಆ ಆಲೂಗಡ್ಡೆಯನ್ನೇ ಇನ್ನೊಮ್ಮೆ ನೋಡಿ. ಅಪ್ಪನ ಬಲಗೈ ಸ್ವಾಧೀನದಲ್ಲಿಲ್ಲ. ಹೊಗೆಯಾಡುವ ಗಡ್ಡೆಯನ್ನು ಒಂದೇ ಕೈಯಲ್ಲಿ ಸುಲಿದು, ಉಪ್ಪು ಉದುರಿಸಿ, ಬಾಯಿ ಸುಟ್ಟರೂ ಬಿಡದೆ ಗಬಗಬ ತಿನ್ನುತ್ತಾನೆ. ಮೊದಲ ದಿನ ಕ್ಯಾಮೆರಾ ಅವನ ಮೇಲೆ. ಮಾರನೇ ದಿನ ಅದೇ ಊಟ, ಆದರೆ ಈ ಸಲ ಮಗಳ ಮೇಲೆ. ಅವಳು ನಿಧಾನಕ್ಕೆ ಚೂರು ಚೂರೇ ಮುರಿದು ತಿನ್ನುತ್ತಾಳೆ. ಆಮೇಲೆ ಬಾವಿ ಬತ್ತುತ್ತೆ, ದೀಪ ಹತ್ತುವುದಿಲ್ಲ, ಆರನೇ ದಿನ ತಟ್ಟೆಯಲ್ಲಿರುವುದು ಹಸಿ ಆಲೂಗಡ್ಡೆ. ಮೊದಲ ದಿನದ ಬಿಸಿ ನಿಮ್ಮ ಬೆರಳಿಗೂ ತಾಗಿದ್ದರೆ ತಾನೇ ಆ ಹಸಿ ಗಡ್ಡೆಯ ಭಯ ಗೊತ್ತಾಗುವುದು? ಇದಕ್ಕೆ ಯಾವ ಯೂಟ್ಯೂಬ್ ಅರ್ಥ ಹೇಳುತ್ತೆ!

ರಾತ್ರಿಯಿಡೀ ಬಯಲಾಟ ನೋಡಿದ ಜನ ನಾವು. ಒಬ್ಬ ವೇಷಧಾರಿ ಅರ್ಧ ಗಂಟೆ ಮಾತಾಡಿದರೂ ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದೆವು. ಈಗ ಹತ್ತು ಸೆಕೆಂಡಿಗೆ ಬೆರಳು ತುರಿಸುತ್ತೆ.

ನಾನು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡಿದ್ದು ನಮ್ಮೂರಿನ ಶಾಲೆ ಹಾಲಿನಲ್ಲಿ, 16 ಎಂಎಂ ಪ್ರೊಜೆಕ್ಟರಿನಲ್ಲಿ, ಬಿಳಿ ಪಂಚೆಯ ಪರದೆ ಮೇಲೆ. ನಡುವೆ ಕರೆಂಟ್ ಹೋಯಿತು. ಕಾಲು ಗಂಟೆ ಕತ್ತಲು. ಯಾರೂ ಏಳಲಿಲ್ಲ. ಕೊನೆಯಲ್ಲಿ, ಬಸಿರಾಗಿದ್ದಕ್ಕೆ ಜಾತಿಯಿಂದ ಹೊರಬಿದ್ದು ತಲೆ ಬೋಳಿಸಿಕೊಂಡ ವಿಧವೆ ಯಮುನಾ ಒಬ್ಬಳೇ ಮರದ ಕೆಳಗೆ ಕೂತಿರುತ್ತಾಳೆ, ಅಪ್ಪನ ಜೊತೆ ಹೊರಟ ಹುಡುಗ ನಾಣಿ ತಿರುಗಿ ತಿರುಗಿ ನೋಡುತ್ತಾನೆ. ಚಿತ್ರ ಮುಗಿದ ಮೇಲೆ ನಮ್ಮ ಪಕ್ಕದ ಮನೆಯ ಅಜ್ಜಿ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಗೇಟಿನ ಹತ್ತಿರ ನಿಂತು, “ಆ ಹುಡುಗನ್ನ ಯಾಕೆ ಕರ್ಕೊಂಡು ಹೋದ್ರು?” ಅಂತ ಒಂದೇ ಸಲ ಕೇಳಿದರು. ಅಜ್ಜಿಗೆ ಆರ್ಟ್ ಸಿನಿಮಾ ಅಂದರೆ ಏನು ಅಂತ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಅದೇ ತೊಂದರೆ. ‘ಅವಾರ್ಡ್ ಸಿನಿಮಾ’ ಅಂತ ಹೆಸರಿಟ್ಟು ದೂರ ಇಡುವ ಚಾಳಿ ನಮ್ಮದು. ‘ಸಂಸ್ಕಾರ’ಕ್ಕೆ ಮೊದಲು ಸೆನ್ಸಾರ್‌ನವರು ಸರ್ಟಿಫಿಕೇಟ್ ಕೊಡಲಿಲ್ಲ. ಆಮೇಲೆ ಅದಕ್ಕೇ 1970ರ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಂದ ನಮ್ಮ ಕಾಲದ ‘ತಿಥಿ’ವರೆಗೆ ಸಾವು, ಮೈಲಿಗೆ, ಕತ್ತಲೆ ಎಲ್ಲ ನಮ್ಮ ಪರದೆ ಮೇಲೆ ಬಂದಿದೆ. ‘ತಿಥಿ’ ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರಲ್ಲ, ಅದೂ ಸಾವಿನ ಕತೆಯೇ ಅಲ್ವಾ?

ಇನ್ನೊಂದು ಸಂಕಟ ಹೇಳುತ್ತೇನೆ. 2024ರಲ್ಲಿ ‘ಘಟಶ್ರಾದ್ಧ’ವನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಂತೋಷ. ನಮ್ಮೂರಲ್ಲಿ ಎಲ್ಲಿ ತೋರಿಸುವುದು? ಇದ್ದ ಒಂದು ಟಾಕೀಸು ಈಗ ಮದುವೆ ಹಾಲ್. ಆ ಶಾಲೆ ಹಾಲಿಗೆ ಬೀಗ. ಫಿಲಂ ಸೊಸೈಟಿ ಮಾಡಿದ್ದ ಮೇಷ್ಟ್ರು ಮಗನ ಜೊತೆ ಬೆಂಗಳೂರಲ್ಲಿದ್ದಾರೆ. ಹೀಗಾಗಿ ಒಬ್ಬೊಬ್ಬರೇ ಫೋನ್ ಹಿಡಿದುಕೊಂಡು ಕತ್ತಲೆ ಸಿನಿಮಾ ನೋಡಿ, ಒಬ್ಬೊಬ್ಬರೇ ಬೇಸರ ಮಾಡಿಕೊಂಡು ನನಗೆ ಪತ್ರ ಬರೆಯುತ್ತೀರಿ.

ನಿಮ್ಮ ಮನೆಯವರ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅವರು ಏನಂದರು? ಕೇಳಲೇ ಇಲ್ಲ ಅನ್ನಿಸುತ್ತೆ. ಕೇಳಿ. ಅವರಿಗೆ ಪುರುಸೊತ್ತಿದ್ದರೆ ಅವರೇ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.