ತೊಲೆ ಕೊರೀಬೇಡಿ, ಪಟ್ಟಿ ತೊಡಿಸಿ

ಮನೆ ರಿಪೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಫ್ಯಾನಿಂದೇ. ಕೊಡಗಲ್ಲಿ ಫ್ಯಾನ್ ಯಾಕೆ ಅಂತ ಕೇಳೋ ಕಾಲ ಹೋಯ್ತು ಬಿಡಿ. ಹಳೇ ಮನೆ ಕಟ್ಟಿದೋರು ಹೊಗೆ ಹೋಗೋಕೆ ದಾರಿ ಮಾಡಿದ್ರು, ಮಳೆ ನೀರು ಹೋಗೋಕೆ ದಾರಿ ಮಾಡಿದ್ರು, ಫ್ಯಾನಿಗೆ ಮಾತ್ರ ಒಂದು ಹುಕ್ ಬಿಡ್ಲಿಲ್ಲ, ಅವ್ರಿಗೆ ಬೇಕಾಗಿರ್ಲಿಲ್ಲ ಅಷ್ಟೆ.

ಪ್ರಶ್ನೆ: ಸಾರ್, ನಮ್ದು ಹೆಂಚಿನ ಮನೆ, ಅಜ್ಜನ ಕಾಲದ್ದು. ನಡುಮನೆ ಮೇಲೆ ಅಟ್ಟ ಇದೆ, ಅಟ್ಟದ ಹಲಗೆ ಕೆಳಗೆ ನಾಲ್ಕು ತೊಲೆ ಹಾಗೇ ಕಾಣ್ತವೆ. ಮಾರ್ಚ್ ಏಪ್ರಿಲ್ ಬಂತಂದ್ರೆ ಅಮ್ಮನಿಗೆ ಮಧ್ಯಾಹ್ನ ಮಲ್ಗೋಕಾಗಲ್ಲ ಅಂತ ಫ್ಯಾನ್ ತಂದಿದೀವಿ. ಎಲೆಕ್ಟ್ರಿಷಿಯನ್ ಬಂದು ನೋಡಿ, ತೊಲೆ ತಳಕ್ಕೆ ಒಂದು ಸ್ಕ್ರೂ ಹುಕ್ ತಿರುಗಿಸ್ತೀನಿ, ವೈರ್ ಕಾಣ್ಬಾರ್ದು ಅಂದ್ರೆ ತೊಲೆ ತಳದಲ್ಲೇ ಗ್ರೂವ್ ಹೊಡೆದು ಒಳಗೆ ಕೂರಿಸ್ತೀನಿ ಅಂದ್ರು. ದೊಡ್ಡಪ್ಪ ತೊಲೆಗೆ ಕೈ ಹಾಕ್ಬೇಡಿ ಅಂತ ಜಗಳ. ಯಾರು ಹೇಳೋದು ಸರಿ?
– ಓದುಗರು, ನಾಪೋಕ್ಲು ಹತ್ತಿರ

ಉತ್ತರ: ದೊಡ್ಡಪ್ಪ ಮುಕ್ಕಾಲು ಸರಿ. ಎಲೆಕ್ಟ್ರಿಷಿಯನ್ ಹೇಳಿದ ಎರಡೂ ಬೇಡ.

ತೊಲೆ ಮೇಲೆ ಭಾರ ಇದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗಿರುತ್ತೆ, ಆಗ ಮೇಲ್ಗಡೆ ನಾರು ಒತ್ತಿಕೊಳ್ಳುತ್ತೆ, ತಳದ ನಾರು ಎಳೆದುಕೊಂಡಿರುತ್ತೆ, ನಡುವೆ ಈ ಎಳೆತ ಒತ್ತಡ ಎರಡೂ ಕಮ್ಮಿ. ಹಾಗಾಗಿ ಅಟ್ಟದಲ್ಲಿ ಭತ್ತದ ಮೂಟೆ, ಏಲಕ್ಕಿ, ಕಾಳುಮೆಣಸು ಏನೇನು ತುಂಬಿದೀರೋ ಅದನ್ನೆಲ್ಲ ಹೊತ್ತಿರೋದ್ರಲ್ಲಿ ತಳದ ನಾರಿನ ಪಾಲು ದೊಡ್ಡದು, ಅದನ್ನೇ ಉಳಿ ಹಾಕಿ ಕಡಿದು ವೈರಿಗೆ ಜಾಗ ಮಾಡೋದು ಅಂದ್ರೆ ಹೇಗೆ? ಉದ್ದಕ್ಕೆ ಹೊಡೆದ್ರೆ ಅಷ್ಟು ಅಗಲದ ನಾರು ಕೆಲಸಕ್ಕಿಲ್ಲ ಅಂತ ಲೆಕ್ಕ, ಅಡ್ಡಕ್ಕೆ ಹೊಡೆದ್ರಂತೂ ಇನ್ನೂ ಕೆಟ್ಟದು, ಬಿರುಕು ಅಲ್ಲಿಂದಲೇ ಶುರುವಾಗುತ್ತೆ.

ಸ್ಕ್ರೂ ಹುಕ್ ವಿಷಯ ಬೇರೆ. ಮಾಮೂಲಿ ಫ್ಯಾನಿನ ತೂಕ ನಾಲ್ಕೈದು ಕೆಜಿ, ಅಷ್ಟನ್ನ ಹಿಡಿಯೋಕೆ ಆ ಹುಕ್ಕಿಗೆ ತಾಕತ್ತಿದೆ, ಆದ್ರೆ ಫ್ಯಾನ್ ಸುಮ್ನೆ ನೇತಾಡಲ್ಲ, ತಿರುಗ್ತಾ ಗಂಟೆಗಟ್ಟಲೆ ಅದುರುತ್ತೆ. ನಮ್ಮಲ್ಲಿ ಮರ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ತೇವ ಕುಡಿದು ಉಬ್ಬುತ್ತೆ, ಫೆಬ್ರವರಿ ಮಾರ್ಚ್‌ಗೆ ಒಣಗಿ ಕುಗ್ಗುತ್ತೆ, ವರ್ಷಕ್ಕೊಂದು ಸಲ ಹೀಗೆ ಆಗ್ತಾ ಆಗ್ತಾ ಸ್ಕ್ರೂವಿನ ಸುತ್ತು ಹಿಡಿದಿರೋ ಜಾಗ ಪುಡಿಯಾಗುತ್ತೆ, ಅದು ಕೆಳಗಿಂದ ಕಾಣೋದೂ ಇಲ್ಲ. ಮರದ ತಳಕ್ಕೆ ತಿರುಗಿಸಿದ ಬರೀ ಸ್ಕ್ರೂ ನಂಬ್ಕೊಂಡು ಅದರ ಕೆಳಗೆ ಅಮ್ಮನ ಮಂಚ ಹಾಕ್ಬೇಡಿ.

ಮಾಡ್ಬೇಕಾದ್ದು ಇದು. ವೆಲ್ಡಿಂಗ್ ಶಾಪಿಗೆ ಹೋಗಿ ಒಂದೂವರೆ ಇಂಚು ಅಗಲ, 5 ಎಂಎಂ ದಪ್ಪದ ಕಬ್ಬಿಣದ ಪಟ್ಟಿನ ತೊಲೆ ಅಗಲಕ್ಕೆ ಸರಿಯಾಗಿ ಯು ಆಕಾರದಲ್ಲಿ ಬಗ್ಗಿಸಿ ಅಂತ ಹೇಳಿ. ತಳದಲ್ಲಿ ನಡುಮಧ್ಯೆ 12 ಎಂಎಂ ಸರಳಿನ ಹುಕ್ ಬೆಸುಗೆ ಹಾಕಿಸಿ, ಬರೀ ಚುಕ್ಕಿ ಬೆಸುಗೆ ಅಲ್ಲ, ಸುತ್ತಲೂ. ಎರಡು ಬದಿಯ ಪಟ್ಟಿ ತೊಲೆಯ ಎತ್ತರದ ಅರ್ಧ ದಾಟಿ ಮೇಲೆ ಹೋಗ್ಬೇಕು, ಅಲ್ಲಿ ನಡು ಎತ್ತರದಲ್ಲಿ ಈ ಬದಿಯಿಂದ ಆ ಬದಿಗೆ ಒಂದು ತೂತು ಕೊರೆದು 10 ಎಂಎಂ ಬೋಲ್ಟ್ ಆರ್‌ಪಾರ್ ತೂರಿಸಿ, ವಾಷರ್, ಸ್ಪ್ರಿಂಗ್ ವಾಷರ್, ನಟ್, ಮೇಲೆ ಇನ್ನೊಂದು ಲಾಕ್ ನಟ್. ಆ ನಡು ಎತ್ತರದಲ್ಲಿ ಒಂದು ಸಣ್ಣ ತೂತಿಂದ ತೊಲೆಗೆ ಹೇಳ್ಕೊಳ್ಳೋವಂಥ ನಷ್ಟ ಇಲ್ಲ, ಇದನ್ನ ದೊಡ್ಡಪ್ಪನಿಗೂ ಹೇಳಿ. ತೊಲೆ ಮೇಲೆ ಕೈ ತೂರುವಷ್ಟು ಸಂದು ಇದ್ರೆ ಇದೂ ಬೇಡ, ಪಟ್ಟಿನ ಪೂರ್ತಿ ಸುತ್ತ ತಂದು ಮೇಲ್ಗಡೆ ಬೋಲ್ಟ್ ಬಿಗಿದ್ರೆ ಒಂದು ತೂತೂ ಇಲ್ದೆ ಕೆಲಸ ಮುಗೀತು. ನಿಮ್ಮಲ್ಲಿ ಅಟ್ಟದ ಹಲಗೆ ತೊಲೆ ಮೇಲೇ ಕೂತಿರೋದ್ರಿಂದ ಅದು ಆಗಲ್ಲ.

ಅಳತೆ ತಗೊಳ್ಳೋವಾಗ ಒಂದು ಮಾತು. ಹಳೇ ತೊಲೆ ಬಾಚಿಲಿ ಕೆತ್ತಿದ್ದು, ಒಂದು ತುದಿಲಿ ಆರಿಂಚು ಇದ್ರೆ ಇನ್ನೊಂದು ತುದಿಲಿ ಏಳಿಂಚು ಇರುತ್ತೆ. ಫ್ಯಾನ್ ಬರೋ ಜಾಗದಲ್ಲೇ ರಟ್ಟು ಹಿಡಿದು ಅಚ್ಚು ಕತ್ತರಿಸಿ ಶಾಪಿಗೆ ಒಯ್ಯಿರಿ, ಟೇಪಲ್ಲಿ ಅಳೆದ ನಂಬರ್ ಫೋನಲ್ಲಿ ಹೇಳಿದ್ರೆ ಪಟ್ಟಿ ಕೂರಲ್ಲ. ಪಟ್ಟಿಗೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಪೇಂಟ್, ಇಲ್ದಿದ್ರೆ ಒಂದೇ ಮಳೆಗಾಲಕ್ಕೆ ತುಕ್ಕು, ತುಕ್ಕಿನ ನೀರು ತಾಗಿದ ಜಾಗದಲ್ಲಿ ಮರಾನೂ ಕಪ್ಪಾಗುತ್ತೆ. ಪಟ್ಟಿಗೂ ಮರಕ್ಕೂ ಮಧ್ಯೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಪದರ ಇಟ್ರೆ ಗುಂಯ್ ಅನ್ನೋ ಸದ್ದು ಹಲಗೆಗೆ ಏರಲ್ಲ.

ಇದೆಲ್ಲಕ್ಕಿಂತ ಮೊದ್ಲು ತೊಲೆ ಗಟ್ಟಿ ಇದೆಯಾ ನೋಡಿ. ಬೀಟೆ, ನಂದಿ, ಹೊನ್ನೆ ಯಾವ್ದೇ ಇರ್ಲಿ, ಸುತ್ತಿಗೆಲಿ ಮೆಲ್ಲಗೆ ತಟ್ತಾ ಹೋಗಿ, ಒಂದು ಕಡೆ ಟೊಳ್ಳು ಸದ್ದು ಬಂದ್ರೆ ಸ್ಕ್ರೂಡ್ರೈವರ್ ತುದಿ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಹೋದ್ರೆ ಗೆದ್ದಲು ಕೆಲಸ ಮುಗಿಸಿದೆ ಅಂತ ಅರ್ಥ. ಮುಖ್ಯವಾಗಿ ಗೋಡೆ ಒಳಗೆ ಹೋಗೋ ತುದಿ ನೋಡಿ, ತೇವ ಕೂರೋದು ಅಲ್ಲೇ, ಕೊಳೆಯೋದೂ ಅಲ್ಲೇ.

ಎತ್ತರ: ನೆಲದಿಂದ ರೆಕ್ಕೆಗೆ ಕಡಿಮೆ ಅಂದ್ರೂ ಎಂಟಡಿ ಇರ್ಲಿ, ಅಂದ್ರೆ ಹತ್ತಿರ ಹತ್ತಿರ 2.4 ಮೀಟರ್. ರೆಕ್ಕೆ ಮೇಲೆ ಹಲಗೆಗೆ ಒಂದಡಿಯಾದ್ರೂ ಜಾಗ ಬೇಕು, ಇಲ್ದಿದ್ರೆ ಫ್ಯಾನಿಗೆ ಎಳೆಯೋಕೆ ಗಾಳಿನೇ ಸಿಗಲ್ಲ, ಸದ್ದು ಮಾತ್ರ. ತೊಲೆ ತಳವೇ ಎಂಟಡಿಗೆ ಇದ್ರೆ ಸೀಲಿಂಗ್ ಫ್ಯಾನ್ ಆಸೆ ಬಿಟ್ಟು ಗೋಡೆಗೆ ವಾಲ್ ಫ್ಯಾನ್ ಹಾಕಿ, ಮಂಚದ ಮೇಲೆ ನಿಂತು ಹೊದಿಕೆ ಕೊಡವೋ ಮನೆಯಲ್ಲಿ ತಮಾಷೆ ಅಲ್ಲ ಇದು.

ಇನ್ನು ವೈರ್. ಕಾಣ್ಬಾರ್ದು ಅನ್ನೋ ಹಟ ಯಾಕೆ? ನನ್ನ ಕೇಳಿದ್ರೆ ಕೊಡಗಿನ ಹಳೇ ಮನೆಗೆ ಹೊರಗೆ ಕಾಣೋ ವೈರಿಂಗೇ ಒಳ್ಳೇದು. ಹೆಂಚು ಒಂದು ಸರಿದ್ರೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತೋ ಗೊತ್ತಾಗಲ್ಲ, ಅಟ್ಟದಲ್ಲಿ ಇಲಿ ಇರೋದಂತೂ ಗ್ಯಾರಂಟಿ, ಮರದೊಳಗೆ ಹುಗಿದ ವೈರನ್ನ ಅದು ಕಚ್ಚಿದ್ರೆ ನಿಮಗೆ ತಿಳಿಯೋದು ಶಾಕ್ ಹೊಡೆದ ಮೇಲೆ ಅಥವಾ ಹೊಗೆ ಬಂದ ಮೇಲೆ. 20 ಎಂಎಂ ಪಿವಿಸಿ ಪೈಪು, ಇಲ್ಲಾಂದ್ರೆ ಕೇಸಿಂಗ್ ಕ್ಯಾಪಿಂಗ್ (ವೈರ್ ಒಳಗಿಟ್ಟು ಮುಚ್ಚೋ ಪ್ಲಾಸ್ಟಿಕ್ ಚಾನಲ್) ಹಾಕಿ, ತೊಲೆಯ ತಳಕ್ಕಲ್ಲ, ಬದಿಗೆ, ಹಲಗೆಗೆ ಆದಷ್ಟು ಹತ್ತಿರ ಮೇಲೆ, ಬಾಗಿಲಿಂದ ಬರೋರಿಗೆ ಕಾಣದ ಬದಿ ಯಾವ್ದು ನೋಡಿ ಆ ಬದಿಗೆ. ಎರಡಡಿಗೊಂದು ಸ್ಯಾಡಲ್ (ಪೈಪ್ ಹಿಡಿಯೋ ಕ್ಲಿಪ್ಪು), ಸಣ್ಣ ಸ್ಕ್ರೂ ಸಾಕು, ಅದ್ರಿಂದ ತೊಲೆಗೇನೂ ಆಗಲ್ಲ. ಪೈಪಿಗೆ ತೊಲೆ ಬಣ್ಣದ್ದೇ ಪೇಂಟ್ ಹೊಡೆದ್ರೆ ಬೆಳಗ್ಗೆ ಹೊತ್ತಲ್ಲೂ ಹುಡುಕಿ ನೋಡ್ಬೇಕು.

ವೈರ್ 1.5 ಸ್ಕ್ವೇರ್ ಎಂಎಂ ತಾಮ್ರದ್ದು, ಐಎಸ್‌ಐ ಗುರುತು ಇರೋದು, ಮೂರು ಎಳೆ: ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಸ್ವಿಚ್ ಬರ್ಬೇಕಾದ್ದು ಫೇಸ್ ಮೇಲೆ, ನ್ಯೂಟ್ರಲ್ ಮೇಲೆ ಸ್ವಿಚ್ ಕೊಟ್ರೆ ಫ್ಯಾನ್ ಆಫ್ ಆದ್ರೂ ಒಳಗೆ ಕರೆಂಟ್ ಇರುತ್ತೆ. ಪೈಪಿನ ಕೊನೆಗೆ ತೊಲೆ ಬದಿಲೇ ಒಂದು ಸಣ್ಣ ಜಂಕ್ಷನ್ ಬಾಕ್ಸ್ ಕೂರಿಸಿ, ಅದರೊಳಗೆ ಕನೆಕ್ಟರ್. ಟೇಪ್ ಸುತ್ತಿ ಗಂಟು ಹಾಕೋ ಪದ್ಧತಿ ಬೇಡವೇ ಬೇಡ, ಸೆಕೆಗೆ ಟೇಪಿನ ಅಂಟು ಬಿಟ್ಟು ಹೋಗುತ್ತೆ. ಬಾಕ್ಸಿಂದ ಫ್ಯಾನಿಗೆ ಇಳಿಯೋ ತುಂಡು ಮೇಲೊಂದು ಹೊದಿಕೆ ಇರೋ ಮೂರು ಎಳೆಯ ಕೇಬಲ್ ಆಗಿರ್ಲಿ, ಸ್ವಲ್ಪ ಸಡಿಲ ಬಿಡಿ. ಫ್ಯಾನಿನ ಭಾರ ಪೂರ್ತಿ ಹುಕ್ಕಿನ ಮೇಲೆ, ವೈರಿನ ಮೇಲೆ ಒಂದು ಗ್ರಾಮ್ ಕೂಡ ಬೀಳಬಾರದು. ಈಗ ಕೆಲವು ಫ್ಯಾನಿನ ಜೊತೆ ಸೇಫ್ಟಿ ಅಂತ ಒಂದು ಸ್ಟೀಲ್ ಹಗ್ಗ ಕೊಡ್ತಾರೆ, ಅದನ್ನ ಡಬ್ಬಿಲೇ ಬಿಡ್ಬೇಡಿ, ಯು ಪಟ್ಟಿಯ ಬೋಲ್ಟಿಗೆ ಸುತ್ತಿ ಕಟ್ಟಿ.

ಫ್ಯಾನ್ ಏರಿಸೋ ಮುಂಚೆ ಹುಕ್ಕಿಗೆ ಒಂದು 25 ಕೆಜಿ ಅಕ್ಕಿ ಚೀಲ ರಾತ್ರಿಯೆಲ್ಲ ನೇತು ಹಾಕಿ ಬಿಡಿ. ಬೆಳಗ್ಗೆ ಪಟ್ಟಿ ಅಲ್ಲಾಡಿರ್ಬಾರ್ದು. ವೈರಿನ ಕೆಲಸ ಲೈಸೆನ್ಸ್ ಇರೋರ ಕೈಲೇ ಮಾಡ್ಸಿ, ಪಟ್ಟಿ ಮತ್ತೆ ಬೋಲ್ಟ್ ಕೆಲಸಕ್ಕೆ ನಿಮ್ಮೂರಿನ ಆಚಾರಿ ಬಂದ್ರೆ ಎಲೆಕ್ಟ್ರಿಷಿಯನ್‌ಗಿಂತ ಚೆನ್ನಾಗಿ ಮಾಡ್ತಾರೆ, ಮರ ಅವರಿಗೆ ಗೊತ್ತು.

ಪ್ರಶ್ನೆ: ನಮ್ಮ ಮನೆಲಿ ಹಳೇ ಬ್ಯಾಟನ್ ವೈರಿಂಗ್, ಮರದ ಪಟ್ಟಿ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎರಡು ವೈರ್ ಓಡಿಸಿರೋದು. ತೊಲೆ ಪಕ್ಕದಲ್ಲೇ ಬಲ್ಬಿನ ಪಾಯಿಂಟ್ ಇದೆ. ಅದ್ರಿಂದಲೇ ಫ್ಯಾನಿಗೆ ಕರೆಂಟ್ ತಗೋಬಹುದಾ?
– ಓದುಗರು, ಸೋಮವಾರಪೇಟೆ

ಉತ್ತರ: ತಗೋಬೇಡಿ. ಕರೆಂಟ್ ಸಾಲಲ್ಲ ಅಂತ ಅಲ್ಲ, ಫ್ಯಾನ್ ಎಳೆಯೋದು 75 ವಾಟ್ ಅಷ್ಟೆ, ಹಳೇ ಬಲ್ಬಿನಷ್ಟೇ. ತೊಂದ್ರೆ ಏನಂದ್ರೆ ಆ ಎರಡು ವೈರಿನಲ್ಲಿ ಅರ್ಥಿಂಗ್ ಇಲ್ಲ, ಫ್ಯಾನ್ ಬಾಡಿ ಲೋಹದ್ದು. ಒಳಗೆ ಸುರುಳಿ ಸುಟ್ಟು ಬಾಡಿಗೆ ತಾಗಿದ್ರೆ ನಿಮ್ಮ ಹೊಸ ಕಬ್ಬಿಣದ ಪಟ್ಟಿಗೂ ಕರೆಂಟ್, ಧೂಳು ಒರೆಸೋಕೆ ಕೈ ಹಾಕಿದೋರಿಗೂ ಕರೆಂಟ್. ಜೊತೆಗೆ ಆ ಕಾಲದ ವೈರಿನ ಹೊದಿಕೆ ಎಷ್ಟೋ ಮನೇಲಿ ರಬ್ಬರಿಂದು, ಬಗ್ಗಿಸಿದ್ರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ, ಒಂದು ಜಾಯಿಂಟ್ ಬಿಚ್ಚೋಕೆ ಹೋಗಿ ಒಂದಡಿ ಬೋಳಾಗುತ್ತೆ.

ಬೋರ್ಡಿಂದಲೇ ಹೊಸ ಮೂರು ಎಳೆ ಲೈನ್ ಎಳ್ಸಿ, 6 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್) ಕೊಡ್ಸಿ, ಇಡೀ ಮನೆಗೆ ಒಂದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬಿದ್ದು ಲೈನ್ ಕಡಿಯೋ ಸ್ವಿಚ್) ಹಾಕ್ಸಿ. ಹಳೇ ವೈರಿಂಗ್ ಇರೋ ಮನೇಲಿ ಆರ್‌ಸಿಸಿಬಿ ಹಾಕಿದ ಮೊದಲ ಮಳೆಗೇ ಪದೇ ಪದೇ ಬೀಳೋಕೆ ಶುರುವಾಗಬಹುದು, ಆಗ ಅದನ್ನ ಬಯ್ದು ಕಿತ್ತು ಹಾಕ್ಬೇಡಿ, ಎಲ್ಲೋ ತೇವಕ್ಕೆ ಕರೆಂಟ್ ಸೋರ್ತಿದೆ ಅಂತ ಅದು ಹೇಳ್ತಿದೆ. ಮೆಗ್ಗರ್ (ವೈರಿನ ಹೊದಿಕೆ ಕರೆಂಟ್ ಸೋರದಂಗೆ ತಡೀತಿದೆಯಾ ಅಂತ ಅಳೆಯೋ ಮೀಟರ್) ಇಟ್ಟು ಒಂದೊಂದೇ ಲೈನ್ ನೋಡೋರು ಬೇಕು, ಒಂದು ಮೆಗಓಮ್‌ಗಿಂತ ಕೆಳಗೆ ತೋರಿಸಿದ ಲೈನ್ ಬದಲಾಯಿಸಿ. ಗೋಡೆ ಮಣ್ಣಿಂದಾದ್ರೆ ಪ್ಲಗ್ ಸ್ಕ್ರೂ ನಿಲ್ಲಲ್ಲ, ಹಳೇ ಮರದ ಬ್ಯಾಟನ್ ಗಟ್ಟಿ ಇದ್ರೆ ಅದರ ಮೇಲೇ ಹೊಸ ಕೇಸಿಂಗ್ ಕೂರಿಸಿ. ಆ ಬ್ಯಾಟನ್ ಹೊಡೆದೋರು ಕೆಲಸ ಗೊತ್ತಿದ್ದೋರು, ಎಷ್ಟೋ ಕಡೆ ಇವತ್ತಿಗೂ ಒಂದು ಗೆರೆ ಸೊಟ್ಟ ಇಲ್ಲ.

ಪ್ರಶ್ನೆ: ಹೋಮ್‌ಸ್ಟೇಗೆ ಬಿಎಲ್‌ಡಿಸಿ ಫ್ಯಾನ್ (ಕರೆಂಟ್ ಕಮ್ಮಿ ಎಳೆಯೋ ಹೊಸ ಥರದ ಮೋಟರಿಂದು) ತಗೊಳ್ಳಿ ಅಂತಾರೆ. ಕರೆಂಟ್ ಹೋಗೋದೇ ಜಾಸ್ತಿ ನಮ್ಮ ಕಡೆ. ಹಳೇ ರೆಗ್ಯುಲೇಟರ್ ಹಾಗೇ ಇಟ್ಕೋಬಹುದಾ? ರೂಮಲ್ಲಿ ಅಟ್ಟ ಇಲ್ಲ, ಹೆಂಚಿನ ಇಳಿಜಾರು ನೇರ ಕಾಣುತ್ತೆ.
– ಓದುಗರು, ಸಿದ್ದಾಪುರ

ಉತ್ತರ: ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಇನ್ವರ್ಟರೇ ಗತಿ, ಹಾಗಾಗಿ ಬಿಎಲ್‌ಡಿಸಿ ಒಳ್ಳೇದೇ. ಮಾಮೂಲಿ ಫ್ಯಾನ್ 75 ವಾಟ್ ತಗೊಳ್ಳೋ ಕಡೆ ಇದು ಮೂವತ್ತರ ಆಸುಪಾಸು, ಹತ್ತು ಗಂಟೆ ಓಡಿದ್ರೆ ಮುಕ್ಕಾಲು ಯೂನಿಟ್ ಬದಲು 0.3 ಯೂನಿಟ್. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ, ಲೇಬಲ್ ನೋಡಿ ತಗೊಳ್ಳಿ. ಹಳೇ ರೆಗ್ಯುಲೇಟರ್ ಮಾತ್ರ ತೆಗೆಸ್ಬೇಕು, ಬರೀ ಆನ್ ಆಫ್ ಸ್ವಿಚ್ ಸಾಕು, ಸ್ಪೀಡು ರಿಮೋಟಲ್ಲಿ. ರೆಗ್ಯುಲೇಟರ್ ಮೂಲಕ ಕೊಟ್ರೆ ಒಳಗಿನ ಸರ್ಕ್ಯೂಟ್ ಹಾಳಾಗಬಹುದು. ಏಪ್ರಿಲ್ ಮೇ ಗುಡುಗು ಮಳೆಗೂ ಈ ಸರ್ಕ್ಯೂಟ್ ಹೆದರುತ್ತೆ, ಸಿಡಿಲು ಶುರುವಾದಾಗ ಮೇನ್ ಆಫ್ ಮಾಡೋ ಅಭ್ಯಾಸ ಇಟ್ಕೊಳ್ಳಿ, ಬೋರ್ಡಲ್ಲಿ ದಿಢೀರ್ ಏರೋ ವೋಲ್ಟೇಜ್ ತಡೆಯೋ ಸರ್ಜ್ ಪ್ರೊಟೆಕ್ಟರ್ ಇದ್ರೆ ಇನ್ನೂ ಒಳ್ಳೇದು. ಗೆಸ್ಟ್‌ಗಳು ರಿಮೋಟ್ ಬ್ಯಾಗಲ್ಲಿ ಹಾಕ್ಕೊಂಡು ಹೋಗೋದಕ್ಕೆ ನನ್ನ ಹತ್ರ ಪರಿಹಾರ ಇಲ್ಲ.

ಇಳಿಜಾರಿಗೆ: ಹೆಂಚು ಹೊತ್ತಿರೋ ರೀಪಿಗೋ ತೆಳು ಪಕಾಸಿಗೋ ನೇತು ಹಾಕ್ಬೇಡಿ, ಗೋಡೆಯಿಂದ ಗೋಡೆಗೆ ಇರೋ ಅಡ್ಡ ತೊಲೆಗೇ ಹಾಕಿ, ಮೇಲೆ ಹೇಳಿದ ಪಟ್ಟಿನೇ. ಅಡ್ಡ ತೊಲೆ ತಳ ಮಟ್ಟವಾಗಿರೋದ್ರಿಂದ ಫ್ಯಾನ್ ನೆಟ್ಟಗೆ ಇಳಿಯುತ್ತೆ. ರೆಕ್ಕೆ ತುದಿಗೂ ಇಳಿಜಾರಿಗೂ, ಗೋಡೆಗೂ ಒಂದೂವರೆ ಅಡಿ ಬಿಡಿ, ಬೇಕಾದ್ರೆ ಉದ್ದ ರಾಡ್ ತಗೊಳ್ಳಿ, ಆದ್ರೆ ಎಂಟಡಿ ಲೆಕ್ಕ ತಪ್ಪಬಾರದು.

ಪ್ರಶ್ನೆ: ನಮ್ದು ತಾರಸಿ ಮನೆ, ಆರ್‌ಸಿಸಿ ಬೀಮ್ ಹಾಲ್ ಮಧ್ಯೆ ಬಂದಿದೆ, ಹುಕ್ ಇಲ್ಲ. ಬೀಮ್ ತಳಕ್ಕೆ ಡ್ರಿಲ್ ಹೊಡೀಬಹುದಾ?
– ಓದುಗರು, ಕುಶಾಲನಗರ

ಉತ್ತರ: ತಳಕ್ಕೆ ಬೇಡ, ಮುಖ್ಯ ಕಂಬಿ ಇರೋದು ಅಲ್ಲೇ, ಇಂಚು ಒಂದೂವರೆ ಇಂಚಿಗೆ ಡ್ರಿಲ್ ಕಂಬಿಗೆ ತಾಗುತ್ತೆ. ಇಲ್ಲೂ ಅದೇ ಯು ಪಟ್ಟಿ, ಎರಡು ಬದಿಗೆ ನಡು ಎತ್ತರದಲ್ಲಿ ಆಂಕರ್ ಬೋಲ್ಟ್ (ಕಾಂಕ್ರೀಟಿನ ತೂತಲ್ಲಿ ಹಿಗ್ಗಿ ಕಚ್ಚಿಕೊಳ್ಳೋ ಬೋಲ್ಟ್) ಹಾಕಿ. ಡ್ರಿಲ್ ಗಟ್ಟಿ ಕಬ್ಬಿಣಕ್ಕೆ ತಾಗಿದ್ರೆ ಒತ್ತಬೇಡಿ, ಒಂದಿಂಚು ಪಕ್ಕ ಸರಿಯಿರಿ.

ಪ್ರಶ್ನೆ: ಹೋದ ವರ್ಷ ತೊಲೆಗೆ ಕ್ಲ್ಯಾಂಪ್ ಮಾಡಿ ಹಾಕ್ಸಿದ ಫ್ಯಾನ್ ಮಳೆಗಾಲದಲ್ಲಿ ಚೆನ್ನಾಗಿತ್ತು, ಈಗ ಬೇಸಿಗೆಲಿ ಟಕ ಟಕ ಅಂತಿದೆ. ಫ್ಯಾನ್ ಹೋಯ್ತಾ?
– ಓದುಗರು, ಗೋಣಿಕೊಪ್ಪ

ಉತ್ತರ: ಬಹುಶಃ ಫ್ಯಾನಿಗೇನೂ ಆಗಿಲ್ಲ, ಮರ ಕುಗ್ಗಿದೆ. ಮೇನ್ ಆಫ್ ಮಾಡಿ ಏಣಿ ಹಾಕಿ ಕ್ಲ್ಯಾಂಪಿನ ನಟ್ ನೋಡಿ, ಅರ್ಧ ಸುತ್ತು ಮುಕ್ಕಾಲು ಸುತ್ತು ಬಿಗಿಯಾಗ್ಬಹುದು. ವರ್ಷಕ್ಕೊಂದ್ಸಲ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆಯ ಮೊದಲ ಮಳೆ) ಬರೋ ಹೊತ್ತಿಗೆ, ಫ್ಯಾನ್ ಬಳಸೋಕೆ ಶುರು ಮಾಡೋ ಮುಂಚೆ ಇದನ್ನ ಮಾಡಿ. ಆಮೇಲೂ ಸದ್ದಿದ್ರೆ ಮೇಲಿನ ಬಟ್ಟಲು ರಾಡಿಗೋ ತೊಲೆಗೋ ತಾಗ್ತಿದೆಯಾ ನೋಡಿ, ರೆಕ್ಕೆ ಸ್ಕ್ರೂ ಬಿಗಿ ಮಾಡಿ, ರೆಕ್ಕೆ ಮೇಲೆ ಕೂತಿರೋ ಧೂಳು ಒರೆಸಿ, ಒಂದರ ಮೇಲೆ ಜಾಸ್ತಿ ಒಂದರ ಮೇಲೆ ಕಮ್ಮಿ ಇದ್ರೂ ಫ್ಯಾನ್ ಓಲಾಡುತ್ತೆ. ಹುಕ್ಕಿನ ಹತ್ರ ರಬ್ಬರ್ ಬುಷ್ ಸವೆದಿದ್ರೆ ಬದಲಾಯಿಸಿ. ಹಾಗೇ ರಾಡಿನ ಮೇಲೆ ಕೆಳಗೆ ಬೋಲ್ಟಿಗೆ ಹಾಕಿರೋ ಸ್ಪ್ಲಿಟ್ ಪಿನ್ (ಬೋಲ್ಟ್ ಕಳಚದಂಗೆ ತಡೆಯೋ ಎರಡು ಕಾಲಿನ ಪಿನ್) ಎರಡೂ ಜಾಗದಲ್ಲಿದೆಯಾ, ಕಾಲು ಬಗ್ಗಿಸಿದೆಯಾ ನೋಡಿ, ತುಕ್ಕು ಹಿಡಿದಿದ್ರೆ ಹಾರ್ಡ್‌ವೇರ್ ಅಂಗಡಿಲಿ ಹೊಸದು ತಗೊಳ್ಳಿ, ಅದರ ಜಾಗಕ್ಕೆ ಮೊಳೆ ಬಗ್ಗಿಸಿ ಹಾಕೋ ಕೆಲಸ ಬೇಡ.