ಒಂದೇ ಕಲ್ಲಲ್ಲಿ ದಪ್ಪ ಹರಳೂ ಇದೆ, ನುಣುಪೂ ಇದೆ, ಹೇಗೆ?

ಪ್ರಶ್ನೆ: ಮ್ಯಾಗ್ಮಾ (ನೆಲದೊಳಗಿನ ಕರಗಿದ ಕಲ್ಲು) ನಿಧಾನಕ್ಕೆ ಆರಿದ್ರೆ ಕಲ್ಲಲ್ಲಿ ದಪ್ಪ ಹರಳು, ಬೇಗ ಆರಿದ್ರೆ ಸಣ್ಣ ಹರಳು ಅಂತ ಓದಿದೀನಿ. ಆದ್ರೆ ನನ್ನ ಹತ್ರ ಇರೋ ಕಲ್ಲಲ್ಲಿ ಬೂದುಬಣ್ಣದ ನುಣುಪಾದ ಭಾಗದ ಮಧ್ಯೆ ಉಗುರಿನಷ್ಟುದ್ದ ಬಿಳಿ ಹರಳುಗಳಿವೆ. ಇದು ನಿಧಾನಕ್ಕೆ ಆರಿದ್ದೋ, ಬೇಗ ಆರಿದ್ದೋ?

ಉತ್ತರ: ಎರಡೂ! ಮೊದಲು ನಿಧಾನ, ಆಮೇಲೆ ಬೇಗ. ಇಂಥ ಕಲ್ಲಿಗೆ ಪೋರ್ಫಿರಿ ಅಂತಾರೆ, ಅಗ್ನಿಶಿಲೆಗಳಲ್ಲಿ, ಅಂದ್ರೆ ಮ್ಯಾಗ್ಮಾ ಆರಿ ಆದ ಕಲ್ಲುಗಳಲ್ಲಿ, ನನಗೆ ತುಂಬಾ ಇಷ್ಟದ್ದು ಇದೇ.

ಮ್ಯಾಗ್ಮಾ ನೀರಿನ ಹಾಗೆ ಒಂದೇ ಉಷ್ಣತೆಗೆ ಪೂರ್ತಿ ಗಟ್ಟಿಯಾಗಲ್ಲ, ಅದ್ರಲ್ಲಿರೋ ಖನಿಜಗಳು ಒಂದಾದ್ಮೇಲೆ ಒಂದು ಹರಳುಗಟ್ಟತ್ವೆ. ನಿಮ್ಮ ಕಲ್ಲಿನ ಮ್ಯಾಗ್ಮಾ ನೆಲದ ಆಳದಲ್ಲಿ ಸುತ್ತ ಬಿಸಿ ಬಂಡೆ ಇಟ್ಕೊಂಡು ಬಹಳ ಕಾಲ ಕೂತಿತ್ತು, ಅಲ್ಲಿ ಶಾಖ ಹೊರಗೆ ಹೋಗೋಕೆ ದಾರಿನೇ ಕಮ್ಮಿ, ಹಾಗಾಗಿ ಮೊದಲು ಹುಟ್ಟಿದ ಹರಳುಗಳು, ಬಿಳಿ ಅಂದ್ರೆ ಬಹುಶಃ ಫೆಲ್ಡ್‌ಸ್ಪಾರ್ ಅನ್ನೋ ಖನಿಜ, ಆರಾಮಾಗಿ ಬೆಳೆದ್ವು. ಅಷ್ಟರಲ್ಲಿ ಮ್ಯಾಗ್ಮಾ ಆ ಹರಳುಗಳನ್ನೂ ಹೊತ್ಕೊಂಡು ಮೇಲಕ್ಕೆ ನುಗ್ತು. ಮೇಲೆ ಬಂದ್ಮೇಲೆ ಉಳಿದ ದ್ರವ ಸರ್ರನೆ ಆರಿ ಬೂದು ಭಾಗ ಆಯ್ತು.

ಬೇಗ ಆರಿದ್ರೆ ಹರಳು ಸಣ್ಣ ಯಾಕೆ ಅಂದ್ರೆ ಬರೀ ಟೈಮ್ ಸಾಲಲ್ಲ ಅಂತ ಅಲ್ಲ, ಒಮ್ಮೆಗೇ ಸಾವಿರಾರು ಕಡೆ ಹರಳಿನ ಬೀಜ ಹುಟ್ಟಿಬಿಡತ್ತೆ, ಇರೋ ಕಚ್ಚಾ ಮಾಲನ್ನ ಎಲ್ಲಾ ಹಂಚ್ಕೋಬೇಕು, ಯಾವುದೂ ದೊಡ್ಡದಾಗಲ್ಲ. ಬೀಜ ಹುಟ್ಟೋಕೂ ಪುರುಸೊತ್ತು ಸಿಗದಿದ್ರೆ ಆಬ್ಸಿಡಿಯನ್ ಥರ ಗಾಜೇ ಆಗತ್ತೆ. ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಾಲ್ 1798ರ ಸುಮಾರಿಗೇ ಇದನ್ನ ಕುಲುಮೇಲಿ ಮಾಡಿ ತೋರಿಸಿದ್ರು: ಬಸಾಲ್ಟ್ (ಲಾವಾ ಆರಿ ಆಗೋ ಕಪ್ಪು ಕಲ್ಲು) ಜಾತಿ ಕಲ್ಲನ್ನ ಕರಗಿಸಿ ಬೇಗ ಆರಿಸಿದ್ರೆ ಗಾಜು, ಅದನ್ನೇ ಮತ್ತೆ ಕಾಯಿಸಿ ನಿಧಾನಕ್ಕೆ ಆರಿಸಿದ್ರೆ ಮತ್ತೆ ಹರಳಿನ ಕಲ್ಲು. ಪದಾರ್ಥ ಅದೇ, ಆರಿದ ರೀತಿ ಮಾತ್ರ ಬೇರೆ. ನಿಧಾನ ಅಂದ್ರೆ ಎಷ್ಟು ನಿಧಾನ ಅಂತೀರಾ? ಹವಾಯಿಯ ಕಿಲವೇಯಾ ಇಕಿ ಕುಳಿಯಲ್ಲಿ 1959ರಲ್ಲಿ ತುಂಬಿದ ಲಾವಾ ಕೆರೆ ಮೇಲೆಲ್ಲಾ ಬೇಗ ಹೆಪ್ಪುಗಟ್ಟಿದ್ರೂ ಒಳಗೆ ಪೂರ್ತಿ ಗಟ್ಟಿಯಾಗೋಕೆ 1990ರ ದಶಕದ ನಡುವಿನವರೆಗೂ ಹಿಡೀತು, ಅದೂ ನೂರು ಮೀಟರ್‌ಗೆ ಸ್ವಲ್ಪ ಮೇಲ್ಪಟ್ಟ ಆಳ ಅಷ್ಟೇ. ಗ್ರಾನೈಟ್ ಆಗೋ ಕಿಲೋಮೀಟರ್‌ಗಟ್ಟಲೆ ದಪ್ಪದ ಮ್ಯಾಗ್ಮಾಗೆ ಲಕ್ಷಾಂತರ ವರ್ಷ ಬೇಕಾಗಬಹುದು.

ಆದ್ರೆ ಹರಳು ದಪ್ಪ ಇದೆ ಅಂದ ಮಾತ್ರಕ್ಕೆ ಬಹಳ ನಿಧಾನ ಆರಿದೆ ಅನ್ನೋಕೂ ಆಗಲ್ಲ. ಪೆಗ್ಮಟೈಟ್ ಅನ್ನೋ ಅತಿ ದಪ್ಪ ಹರಳಿನ ಅಗ್ನಿಶಿಲೆಯಲ್ಲಿ ಮೀಟರ್ ಉದ್ದದ ಹರಳೂ ಸಿಗತ್ವೆ, ಅಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಮ್ಯಾಗ್ಮಾದಲ್ಲಿ ಸೇರಿರೋ ನೀರು, ಅದ್ರಿಂದ ಬೀಜ ಕಮ್ಮಿ ಹುಟ್ಟಿ ಖನಿಜದ ಕಣಗಳು ಸಲೀಸಾಗಿ ಓಡಾಡತ್ವೆ.

ಇನ್ನು ನಿಮ್ಮ ಕಲ್ಲನ್ನ ಒಂದ್ಸಲ ಲೆನ್ಸ್ ಇಟ್ಟು ನೋಡಿ. ಬಿಳಿ ಭಾಗದ ಅಂಚು ಸ್ಕೇಲ್ ಹಿಡಿದು ಗೀಚಿದಂಗೆ ನೇರ ಇದ್ಯಾ, ಬಿಸಿಲಲ್ಲಿ ತಿರುಗಿಸಿದ್ರೆ ಇಡೀ ಮುಖ ಒಟ್ಟಿಗೆ ಮಿಂಚತ್ತಾ? ಹಾಗಿದ್ರೆ ಅದು ದ್ರವದಲ್ಲಿ ಅಡ್ಡಿಯಿಲ್ಲದೆ ಬೆಳೆದ ಹರಳೇ. ಅಂಚು ಗುಂಡಗೆ, ಬಾದಾಮಿ ಥರ ಇದ್ರೆ ನಾನು ಮೇಲೆ ಹೇಳಿದ ಕಥೆ ಇದಕ್ಕೆ ಅನ್ವಯಿಸಲ್ಲ, ಅದು ಲಾವಾದಲ್ಲಿದ್ದ ಗ್ಯಾಸಿನ ಗುಳ್ಳೆ, ಕಲ್ಲು ಆರಿದ ಎಷ್ಟೋ ಕಾಲದ ಮೇಲೆ ನೀರು ಹರಿದು ಬಿಳಿ ಖನಿಜ ತುಂಬಿರೋದು.